ಸಾಬೂನು ಸಣ್ಣಗಾದ ತಿಂಗಳು

ಮೊದಲು ಹಾಲಿನ ಬೆಲೆ ಏರಿತು. ಮರುವಾರ ಬಸ್ಸಿನ ದರ ಏರಿತು. ತಿಂಗಳ ಕೊನೆಯಲ್ಲಿ ಕಾರ್ಖಾನೆಯ ಮಾಲೀಕರು ದೊಡ್ಡ ಮನಸ್ಸು ಮಾಡಿ, ಬೆಲೆ ಏರಿಸದೆ ಸಾಬೂನನ್ನೇ ಸಣ್ಣದು ಮಾಡಿದರು.

ಸಾಬೂನಿಗೆ ಕಾಗದ ಸುತ್ತುವ ಹೆಂಗಸರಿಗೆ ಪೆಟ್ಟಿಗೆ ತೂಗಿ ಕೂಲಿ. ತೂಕ ತುಂಬದ ಪೆಟ್ಟಿಗೆಗೆ ಏನೂ ಇಲ್ಲ. ಸಾಬೂನು ಸಣ್ಣದಾದಷ್ಟೂ ಪೆಟ್ಟಿಗೆಗೆ ಹೆಚ್ಚು ಸಾಬೂನು, ಹೆಚ್ಚು ಮಡಿಕೆ, ಹೆಚ್ಚು ಅಂಟು. ಕೂಲಿ ಮಾತ್ರ ಕದಲಲಿಲ್ಲ. ಅವರಲ್ಲಿ ಎಲ್ಲರೂ ಚಿಕ್ಕಮ್ಮ ಎಂದು ಕರೆಯುತ್ತಿದ್ದವಳಿಗೆ ಕತ್ತಲಾದರೂ ಮೊದಲಿನಷ್ಟು ಕೂಲಿ ಹುಟ್ಟಲಿಲ್ಲ.

ಮನೆಯಲ್ಲಿ ಅತ್ತೆ ಬಿ.ಪಿ. ಮಾತ್ರೆಯನ್ನು ಅರ್ಧಕ್ಕೆ ಮುರಿಯುತ್ತಿದ್ದರು.

"ನನ್ನ ಪಿಂಚಣಿ ನನಗಿಂತ ಮುದಿ ಆಯ್ತಲ್ಲೇ! ಕೂತಲ್ಲಿಂದ ಏಳೋದೇ ಇಲ್ಲ."

ಮಗಳು ಶೂ ಚಾಚಿದಳು. "ಅಮ್ಮಾ, ಬೆರಳು ಹೊರಗೆ ಬಂತು."

"ಸ್ವಲ್ಪ ದಿನ ಬೆಳೀಬೇಡ ಕಣೇ!"

ಮರುದಿನ ಚಿಕ್ಕಮ್ಮ ಮ್ಯಾನೇಜರ ಮುಂದೆ ನಿಂತಳು. "ಸಾರ್, ತೂಕ ಬಿಡಿ. ಸೋಪಿಗೆ ಇಷ್ಟು ಅಂತ ಕೊಡಿ."

"ಬೆಲೆ ಏರಿಕೆ ಎಲ್ಲರಿಗೂ ಒಂದೇ ಕಣಮ್ಮ. ನಾನೇನು ಸುಖವಾಗಿದೀನಾ?"

"ನಿಮಗೆ ತುಟ್ಟಿಭತ್ಯೆ ಇದೆಯಲ್ಲ ಸಾರ್?"

"ಅದು ತಾನಾಗೇ ಏರುತ್ತೆ. ನಾನು ಬಾಯಿಬಿಟ್ಟು ಕೇಳಿಲ್ಲಪ್ಪ!"

"ನಾವು ಬಾಯಿ ಬಡ್ಕೊಂಡ್ರೂ ಏರಲ್ಲ."

"ನೋಡು, ಗಿರಾಕಿಗಳೇ ಸುಮ್ಮನಿದಾರೆ. ಹೆಸರು ಅದೇ, ಕಾಗದ ಅದೇ. ಅಳತೆ ಯಾರು ನೋಡ್ತಾರೆ?"

ಚಿಕ್ಕಮ್ಮ ಪೆಚ್ಚುಮೋರೆ ಹಾಕಿಕೊಂಡು ಮರಳಿದಳು. ನಾಲ್ಕು ಸಾಬೂನು ಸುತ್ತುವಷ್ಟರಲ್ಲಿ ಮೋರೆ ಅರಳಿತು. ಪಕ್ಕದವಳ ಕಿವಿಯಲ್ಲಿ ಏನೋ ಉಸುರಿದಳು. ಕಿಸಕ್ಕನೆ ನಗು ಬೆಂಚಿನ ತುದಿಯವರೆಗೂ ಹರಿಯಿತು.

ಮಧ್ಯಾಹ್ನ ಇಳಿಯುವ ಮೊದಲೇ ಹೆಂಗಸರೆಲ್ಲ ಎದ್ದು ಏಪ್ರನ್ ಮಡಚಿದರು.

"ಎಲ್ಲಿಗ್ರಮ್ಮಾ? ಇನ್ನೂ ಬಿಸಿಲು ನೆತ್ತಿ ಸುಡ್ತಿದೆ!" ಮ್ಯಾನೇಜರು ಓಡಿಬಂದರು.

"ದಿನ ಮುಗೀತು ಸಾರ್," ಎಂದಳು ಚಿಕ್ಕಮ್ಮ. "ಹೆಸರು ಅದೇ, ವಾರ ಅದೇ. ಅಳತೆ ಯಾರು ನೋಡ್ತಾರೆ?"

ಹೆಂಗಸರು ಹೊರಗೆ ಬಾಗಿಲೆದುರಿನ ಮೋಟುಗೋಡೆಯ ಮೇಲೆ ಸಾಲಾಗಿ ಕುಳಿತರು. ಸರಕು ಒಯ್ಯಲು ಬಂದ ಲಾರಿಯವನು ಹಾರ್ನ್ ಒತ್ತಿ, "ಸಾರ್, ಸೋಪು ಬೆತ್ತಲೆ ಕೂತಿದೆ! ಬೇಗ ಬಟ್ಟೆ ಹಾಕಿ!" ಎಂದು ಕೂಗಿದ. ಬೇರೆ ದಾರಿಯಿಲ್ಲದೆ ಮ್ಯಾನೇಜರು ಅಂಗಿಯ ತೋಳು ಮಡಚಿ ಬೆಂಚಿನ ಮೇಲೆ ಕುಳಿತರು. ಒಂದು ಸಾಬೂನು ಜಾರಿ ಅವರ ಜೇಬಿಗೆ ಬಿತ್ತು, ಇನ್ನೊಂದು ಮೇಜಿನಡಿಗೆ ಓಡಿತು. ಮೂರನೆಯದರ ಜೊತೆಗೆ ತಮ್ಮ ಟೈಯನ್ನೂ ಸುತ್ತಿ ಅಂಟಿಸಿಬಿಟ್ಟರು.

"ಸಾರ್, ಮೂಲೆ ಮಡಚಿ, ಮೂಲೆ!" ಗೋಡೆಯ ಮೇಲಿಂದ ಎಲ್ಲರದೂ ಒಂದೇ ಸ್ವರ.

ಕತ್ತಲಾಯಿತು. ಚಿಕ್ಕಮ್ಮ ಒಳಗೆ ಹೋಗಿ ಮ್ಯಾನೇಜರ ಪೆಟ್ಟಿಗೆಯನ್ನು ತಕ್ಕಡಿಗಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಎಲ್ಲರಿಗೂ ಕೇಳುವಂತೆ ಓದಿದಳು:

"ತೂಕ ತುಂಬಿಲ್ಲ. ಮ್ಯಾನೇಜರ ಕೂಲಿ ಸೊನ್ನೆ."