ಹಿಂಬಾಗಿಲಿಗೊಂದು ಪ್ರಾರ್ಥನೆ

ಆ ಹೊಲಿಗೆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದು ಅವಳ ಕೆಲಸ, ಕೂರುವ ಜಾಗ ಹಿಂಬಾಗಿಲ ಪಕ್ಕ. ಬಾಗಿಲು ಅನ್ನುವುದು ಹೆಸರಿಗಷ್ಟೇ. ಬಟ್ಟೆ ಕಳುವಾಗುತ್ತದೆಂದು ಮಾಲೀಕ ಅದಕ್ಕೆ ಹೊರಗಿನಿಂದ ಬೀಗ ಜಡಿಸಿದ್ದ. ಹೋದ ವಾರ ಇಸ್ತ್ರಿ ಮೇಜಿನ ವೈರು ಸುಟ್ಟು ಹೊಗೆ ಎದ್ದಾಗ ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಮುಂಬಾಗಿಲಿಗೆ ನುಗ್ಗಿದ್ದರು. ಇವಳು ಹಿಂಬಾಗಿಲನ್ನು ಗುದ್ದಿ ಗುದ್ದಿ ಅಂಗೈ ಊದಿಸಿಕೊಂಡಿದ್ದಳು. ಹೊಗೆಯೇನೋ ತಾನಾಗಿ ಅಡಗಿತು, ಅವಳ ಎದೆಯ ಪುಕಪುಕ ಅಡಗಲಿಲ್ಲ.

"ಎಲ್ರೂ ಒಟ್ಟಿಗೆ ಹೋಗಿ ಬೀಗ ತೆಗೆಸೋಣ" ಎಂದು ಊಟದ ಹೊತ್ತಿನಲ್ಲಿ ದಿನಾ ಗಂಟಲು ಹರಿದುಕೊಂಡಳು. ಯಾರೂ ಬುತ್ತಿ ಬಿಟ್ಟು ಏಳಲಿಲ್ಲ. ಕಾಲರ್ ಹೊಲಿಯುವವಳು ನಿಟ್ಟುಸಿರು ಬಿಟ್ಟು, "ದೇವರು ಕಾಪಾಡಿದ್ನಲ್ಲ, ಬಿಡೇ" ಎಂದಳು. ಕಾಜಾಗೆ ಮೈಯೆಲ್ಲ ಉರಿಯಿತು.

ಆ ಶೆಡ್ಡಿನಲ್ಲಿ ದೇವರ ಉಸ್ತುವಾರಿ ಅವಳ ಅತ್ತೆಯದೇ. ಎಲ್ಲರಿಗಿಂತ ಹಳಬರಾದ ಅವರು ಎಲ್ಲರಿಗೂ ದೊಡ್ಡಮ್ಮ. ಬೆಳಿಗ್ಗೆ ಎಲ್ಲರೂ ಎದ್ದು ನಿಂತು, ಅವರು ಹೇಳಿಕೊಟ್ಟ ಪ್ರಾರ್ಥನೆಯನ್ನು ಸಾಲು ಸಾಲಾಗಿ ಹೇಳಬೇಕು. ಕೊನೆಗೆ ಅವರು "ಶುಭವಾಗಲಿ" ಎನ್ನುವ ತನಕ ಯಾರೂ ಮೆಷಿನ್ ಮುಟ್ಟುವಂತಿಲ್ಲ. ಈ ಪದ್ಧತಿ ಶುರುಮಾಡಿಸಿದವನು ಮಾಲೀಕ. ಪ್ರಾರ್ಥನೆ ಮಾಡಿದ ಹೆಂಗಸರು ತಕರಾರು ತೆಗೆಯುವುದಿಲ್ಲ ಎಂಬುದು ಅವನ ಎಣಿಕೆ. ಅವನ ಎಣಿಕೆ ತಪ್ಪಿರಲಿಲ್ಲ, ಕಾಜಾಳ ಸಿಟ್ಟಿಗೆ ಅದೇ ಕಾರಣ.

ರಾತ್ರಿ ಊಟಕ್ಕೆ ಕೂತಾಗ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುವ ಮೈದುನ ಸಮಾಧಾನ ಮಾಡಲು ಬಂದ.

"ಅತ್ತಿಗೆ, ಧರ್ಮ ಜನರನ್ನ ಇದ್ದಲ್ಲೇ ಕೂರಿಸುತ್ತೆ ಅಂತ ಕೆಲವರು ಹೇಳ್ತಾರೆ. ಜನರನ್ನ ಎಬ್ಬಿಸಿ ನಿಲ್ಲಿಸೋದೂ ಅದೇ ಅಂತ ಇನ್ನು ಕೆಲವರು."

"ನಮ್ಮ ಶೆಡ್ಡಲ್ಲಿ ಯಾವುದು?"

"ಎರಡೂ ಆಗಬಹುದು."

"ಇದನ್ನ ಹೇಳೋಕೆ ನಿನಗೆ ಸಂಬಳ ಬೇರೆ ಕೊಡ್ತಾರಾ!"

ಅತ್ತೆ ತಟ್ಟೆಯಿಂದ ತಲೆ ಎತ್ತದೆ, "ನಾಳೆ ದೇವರ ಕಿವಿಗೆ ಹಾಕಿ ನೋಡೋಣ" ಎಂದರು.

ಹೇಳಿದಂತೆಯೇ ಮಾಡಿದರು. ಮರುದಿನ ಪ್ರಾರ್ಥನೆಯಲ್ಲಿ ಒಂದು ಸಾಲು ಹೆಚ್ಚಿತ್ತು: "ದೇವರೇ, ಹಿಂಬಾಗಿಲ ಬೀಗ ತೆಗೆಸಪ್ಪ." ಕಾಜಾಗೆ ರೋಮಾಂಚನವಾಯಿತು. ಹೆಂಗಸರೆಲ್ಲ ಆ ಸಾಲನ್ನು ಹೇಳಿದರು. ಪುಣ್ಯಾತ್ಮ ಮಾಲೀಕನೂ ಕೈಮುಗಿದು, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ! ಶುಭವಾಯಿತು, ಮೆಷಿನ್‌ಗಳು ಗಡಗಡ ಎಂದವು, ಬೀಗ ಇದ್ದಲ್ಲೇ ಇತ್ತು. "ಹೇಳಿಕೊಂಡಾಯ್ತಲ್ಲ, ಮನಸ್ಸು ಹಗುರ ಆಯ್ತು ನೋಡು" ಎಂದಳು ಕಾಲರಿನವಳು.

ಸಂಜೆ ಮನೆಗೆ ನಡೆಯುವಾಗ ಕಾಜಾ ತಡೆದುಕೊಳ್ಳಲಿಲ್ಲ. "ನಿಮ್ಮ ದೇವರೂ ಆ ಮಾಲೀಕನೂ ಒಂದೇ ಅತ್ತೆ! ನಾನು ಬೆಂದುಹೋದ ಮೇಲೂ ಹೀಗೇ ಕೈಮುಗಿದು ನಿಂತಿರ್ತೀರಾ?"

ಅತ್ತೆ ನಡುರಸ್ತೆಯಲ್ಲೇ ನಿಂತುಬಿಟ್ಟರು. "ಹೊಗೆ ಎದ್ದ ದಿನ ನಿನ್ನ ಮುಖ ಕಾಣೋ ತನಕ ನನಗೆ ಜೀವದಲ್ಲಿ ಜೀವ ಇರಲಿಲ್ಲ ಕಣೇ" ಎಂದರು.

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಪ್ರಾರ್ಥನೆ, ಅದೇ ಬೀಗದ ಸಾಲು. ಅದಾದ ಮೇಲೆ ಅತ್ತೆ ಸುಮ್ಮನಾದರು. ಶುಭವಾಗಲಿ ಎನ್ನಲೇ ಇಲ್ಲ. ಹೆಂಗಸರು ಒಂದೊಂದು ಕಣ್ಣು ತೆರೆದು ನೋಡಿದರು. ಮಾಲೀಕ ಕೆಮ್ಮಿದ.

"ದೊಡ್ಡಮ್ಮ, ಮುಗೀತಾ?"

"ಇಲ್ಲಪ್ಪ. ದೇವರು ಇನ್ನೂ ಹೂಂ ಅಂದಿಲ್ಲ."

"ಸರಿ ಸರಿ, ಎಲ್ರೂ ಕೂತ್ಕೊಳ್ಳಿ, ಕೆಲಸ ನೋಡಿ."

ಯಾರೂ ಕೂರಲಿಲ್ಲ. ಕಾಜಾ ಕರೆದಾಗ ಜಪ್ಪಯ್ಯ ಎಂದರೂ ಏಳದಿದ್ದ ಕಾಲರಿನವಳು, "ಪ್ರಾರ್ಥನೆ ಮಧ್ಯೆ ಕೂತ್ರೆ ಪಾಪ ಬರುತ್ತೆ ಸಾರ್" ಎಂದಳು. ಹೊರಗೆ ಸರಕು ತುಂಬಿಕೊಳ್ಳಲು ಬಂದ ಲಾರಿ ಹಾರನ್ ಹೊಡೆಯತೊಡಗಿತು. ಮಾಲೀಕ ಹಲ್ಲು ಕಡಿದ. ಲಾರಿ ಮತ್ತೆ ಹಾರನ್ ಹೊಡೆದಾಗ ಬೀಗದ ಕೈ ಹಿಡಿದು, ಶೆಡ್ಡನ್ನು ಸುತ್ತಿಕೊಂಡು ಹಿಂದೆ ಹೋದ. ಬಾಗಿಲು ಕಿರ್ರೆಂದು ತೆರೆಯಿತು.

"ಶುಭವಾಗಲಿ" ಎಂದರು ಅತ್ತೆ.

ಕಾಜಾಳ ಕಣ್ಣು ತುಂಬಿ ಬಂತು. ಅತ್ತೆಯ ಕಾಲಿಗೆ ಬೀಳಬೇಕೆನ್ನಿಸಿತು. ಅಷ್ಟರಲ್ಲಿ ಪಕ್ಕದ ಮೆಷಿನ್ನಿನಿಂದ ಮಾತು ಕೇಳಿಸಿತು: "ಏನೇ ಹೇಳು, ನಮ್ಮ ಮಾಲೀಕರು ದೇವರಂಥ ಮನುಷ್ಯ."

ಕಾಜಾಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಹಾಗಾದ್ರೆ ಆ ಸುಟ್ಟ ವೈರನ್ನೂ ಬದಲಾಯಿಸೋಕೆ ಕೇಳೋಣ, ಬನ್ನಿ" ಎಂದಳು.

"ಸಾಕು ಸುಮ್ನಿರೇ, ಆಸೆಗೂ ಒಂದು ಮಿತಿ ಬೇಡ್ವಾ?" ಎಂದಳು ಕಾಲರಿನವಳು. ಹಿಂಬಾಗಿಲಿಂದ ಗಾಳಿ ನುಗ್ಗಿ ದಾರದ ತುಣುಕುಗಳು ಹಾರಾಡುತ್ತಿದ್ದವು. ಅವಳು ಮೂಗು ಮುಚ್ಚಿಕೊಂಡಳು. "ಅಯ್ಯೋ, ಬಟ್ಟೆಗೆಲ್ಲ ಧೂಳು. ಆ ಬಾಗಿಲು ಸ್ವಲ್ಪ ಮುಚ್ಚೇ."

ಕಾಜಾ ಅವಳನ್ನೂ, ಇನ್ನೂ ನೋಯುತ್ತಿದ್ದ ತನ್ನ ಅಂಗೈಯನ್ನೂ ನೋಡಿದಳು. ತನ್ನ ಸ್ಟೂಲನ್ನು ದರದರ ಎಳೆದು, ಹೊಸ್ತಿಲಿಗೆ ಅಡ್ಡಲಾಗಿ ಹಾಕಿಕೊಂಡು ಕೂತುಬಿಟ್ಟಳು.