ಮ್ಯಾನೇಜರ್‌ಗೆ ಅಂಕವಿಲ್ಲ

ನಾನು ಹಲ್ಲು ಮಾಡುವವನು. ಕೀಳುವುದು ಡಾಕ್ಟರ ಕೆಲಸ. ಕಿತ್ತ ಜಾಗಕ್ಕೆ ಹೊಸದು ಮಾಡಿಕೊಡುವುದು ನನ್ನದು. ಅವರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಅಚ್ಚುಗಳ ನಡುವೆ ಕೂತು, ಮೇಣ ಕಾಯಿಸಿ, ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಎಂಟು ವರ್ಷವಾಯಿತು. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ, ನೀವೇ ಹೇಳಿ. ಆದರೂ ನನ್ನ ಮಾವನವರ ಪಾಲಿಗೆ ನಾನು ಮ್ಯಾನೇಜರ್.

ತಪ್ಪು ನನ್ನದೇ. ಏಳು ವರ್ಷದ ಹಿಂದೆ ಮದುವೆ ಮಾತು ನಡೆಯುವಾಗ ಅವರು, "ಕಂಡೋರ ಎಂಜಲು ಹಲ್ಲು ಮುಟ್ಟೋನಿಗೆ ಮಗಳನ್ನ ಕೊಡಲ್ಲ. ಕುರ್ಚಿ ಮೇಲೆ ಕೂತು ಕೆಲಸ ಮಾಡೋ ಗಂಡು ಬೇಕು" ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಕುರ್ಚಿಯ ಮೇಲೆ ನಾನೂ ಕೂರುತ್ತೇನಪ್ಪ! ಆದರೆ ಯಾಕೆ ಬೇಕು ರಗಳೆ ಎಂದು ಡಾಕ್ಟರ ಕೈಕಾಲು ಹಿಡಿದು, ಮ್ಯಾನೇಜರ್ ಎಂದು ಒಂದು ಪತ್ರ ಬರೆಸಿಕೊಂಡೆ. ಮದುವೆಯ ಹೊಸದರಲ್ಲಿ ಮಾವ ಆಗಾಗ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಡಾಕ್ಟರೂ ಪಾಪ, ಕೊಟ್ಟ ಮಾತಿಗೆ ತಪ್ಪದೆ ನನ್ನನ್ನು ಹೊಗಳುತ್ತಿದ್ದರು. ಹೆಂಡತಿಗೆ ಮಾತ್ರ ಮೊದಲ ವಾರವೇ ಗುಟ್ಟು ತಿಳಿಯಿತು. ಬಟ್ಟೆ ಒಗೆಯುತ್ತಿದ್ದವಳು ಬಚ್ಚಲಿಂದಲೇ ಕೂಗಿದಳು: "ರೀ, ಮ್ಯಾನೇಜರ್ ಜೇಬಲ್ಲಿ ದವಡೆ ಹಲ್ಲು ಯಾಕಿದೆ?" ನಕ್ಕು ಸುಮ್ಮನಾದಳು. ಅಪ್ಪನಿಗೆ ಹೇಳಲಿಲ್ಲ.

ಈಗ ನಾವು ಹೊರದೇಶಕ್ಕೆ ಹೋಗಿ ನೆಲೆಸಲು ಅರ್ಜಿ ಹಾಕಿದೆವು. ಅಲ್ಲಾದರೂ ಬಾಗಿಲ ಮೇಲೆ ನನ್ನ ಹೆಸರು ಹಾಕಿಕೊಂಡು, ತಲೆಯೆತ್ತಿ ಹಲ್ಲು ಮಾಡಬೇಕೆಂಬುದು ನನ್ನ ಆಸೆ. ಆ ದೇಶದವರು ಮನುಷ್ಯನಿಗೆ ಅಂಕ ಕೊಡುತ್ತಾರೆ. ಅರವತ್ತೈದು ಬಂದರೆ ಬಾ, ಇಲ್ಲವಾದರೆ ಅಲ್ಲೇ ಬಿದ್ದಿರು. ನನ್ನ ವಯಸ್ಸಿಗೆ ಮೂವತ್ತು, ಓದಿಗೆ ಹತ್ತು, ಭಾಷೆಯ ಪರೀಕ್ಷೆಗೆ ಹತ್ತು, ಎಂಟು ವರ್ಷದ ಕೆಲಸಕ್ಕೆ ಹದಿನೈದು. ಸರಿಯಾಗಿ ಅರವತ್ತೈದು. ಹಲ್ಲು ಮಾಡುವವರು ಅವರ ಪಟ್ಟಿಯಲ್ಲಿದ್ದಾರೆ. ಮ್ಯಾನೇಜರ್‌ಗಳು ಇಲ್ಲ, ಅವರಲ್ಲೇ ಬೇಕಾದಷ್ಟು ಇದ್ದಾರಂತೆ.

ಡಾಕ್ಟರಿಗೆ ನಾನಿನ್ನೂ ವಿಷಯ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಬಿಡುವುದಿಲ್ಲವೋ ಎಂಬ ಭಯ. ಅಷ್ಟರಲ್ಲಿ ಅರ್ಜಿ ಪರಿಶೀಲಿಸುವ ಕಚೇರಿಯವರು ಅವರಿಗೇ ಫೋನ್ ಮಾಡಿದರು. ಮಾತು ಮುಗಿಸಿ ನನ್ನ ಕೋಣೆಗೆ ಬಂದವರ ಮುಖ ಅರಳಿತ್ತು.

"ಬಹಳ ದಿನದ ಮೇಲೆ ನಿನ್ನ ಮಾವ ಮತ್ತೆ ಶುರು ಹಚ್ಕೊಂಡ್ರು ಕಣಯ್ಯಾ. ಈ ಸಲ ಯಾರೋ ಹೆಂಗಸಿನ ಕೈಲಿ ಫೋನ್ ಮಾಡಿಸಿದ್ರು. ನಾನು ಬಿಡ್ತೀನಾ? ಅವನು ಅಪ್ಪಟ ಮ್ಯಾನೇಜರ್, ಒಂದು ದಿನ ಪ್ಲಾಸ್ಟರ್ ಮುಟ್ಟಿದೋನಲ್ಲ ಅಂದುಬಿಟ್ಟೆ!"

ಕೈಯಲ್ಲಿದ್ದ ಮೇಣದ ದವಡೆ ಕೆಳಗೆ ಬಿತ್ತು. "ನನ್ನ ಮನೆ ಹಾಳು ಮಾಡಿಬಿಟ್ರಲ್ಲ ಸಾರ್!" ಎಂದು ಕಿರುಚಿ ಎಲ್ಲ ಹೇಳಿದೆ.

"ಎಲಾ ಇವನ! ಯಾರು ಕೇಳಿದ್ರೂ ಹಾಗೇ ಹೇಳಿ ಅಂತ ಕಾಲು ಹಿಡಿದಿದ್ದು ಯಾರು?"

ಮರುದಿನ ಆ ಕಚೇರಿಗೆ ಓಡಿದೆ. ಅಲ್ಲಿನ ಅಧಿಕಾರಿ, ಕನ್ನಡಕದ ಹೆಂಗಸು, "ನಿಮ್ಮ ಡಾಕ್ಟರ ಮಾತು ಇನ್ನು ನಡೆಯಲ್ಲ. ನೀವೇ ಹಲ್ಲು ಮಾಡಿಕೊಟ್ಟ ಒಬ್ಬರನ್ನ ಶುಕ್ರವಾರ ಕರ್ಕೊಂಡು ಬನ್ನಿ" ಎಂದರು. ಯಾರನ್ನು ಕರೆತರಲಿ? ಬಂದವರೆಲ್ಲ ಕಂಡಿರುವುದು ಡಾಕ್ಟರನ್ನು. ಹಿಂದಿನ ಕೋಣೆಯ ನನ್ನ ಮುಖ ಯಾರಿಗೂ ಗೊತ್ತಿಲ್ಲ. ಅಳತೆ ತೆಗೆಯುವಾಗಿನಿಂದ ಹಲ್ಲಿನ ಸೆಟ್ಟು ಕೂರಿಸುವವರೆಗೆ ನಾನು ಪಕ್ಕದಲ್ಲಿ ನಿಂತಿದ್ದು ಒಬ್ಬರಿಗೆ ಮಾತ್ರ. ಮಾವನವರಿಗೆ. ಮ್ಯಾನೇಜರ್ ಖುದ್ದಾಗಿ ನೋಡಿಕೊಂಡ ಎಂದು ಅವರು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಮಾವನ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಮಾವ ಮಗಳ ಕಡೆ ತಿರುಗಿದರು.

"ನಿಂಗೂ ಗೊತ್ತಿತ್ತಾ?"

"ಏಳು ವರ್ಷದಿಂದ, ಅಪ್ಪ."

"ಹೋಗ್ಲಿ ಬಿಡಿ. ಅಳಿಯಂದ್ರೇ, ನೀವು ಮ್ಯಾನೇಜರ್ ಆಗಿದ್ರೆ ನನ್ನ ಮಗಳು ಇಲ್ಲೇ ಇರ್ತಾಳೆ. ಹಲ್ಲು ಮಾಡೋರಾದ್ರೆ ಹೊರಟುಹೋಗ್ತಾಳೆ. ನಾನ್ಯಾಕೆ ಬಂದು ಸಾಕ್ಷಿ ಹೇಳ್ಲಿ?"

ನನಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು, ಅದು ಬರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದೆ.

ಶುಕ್ರವಾರ ಕಚೇರಿಯ ಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದೆವು. ನಮ್ಮ ಸರದಿ ಕೂಗುವ ಹೊತ್ತಿಗೆ ಮಾವ ಇಸ್ತ್ರಿ ಶರ್ಟು ಹಾಕಿಕೊಂಡು ಏದುಸಿರು ಬಿಡುತ್ತ ಬಂದರು. ನನ್ನ ಮುಖವನ್ನೂ ನೋಡದೆ ನೇರ ಒಳಗೆ ಹೋಗಿ, ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡನ್ನೂ ಕಳಚಿ ಮೇಜಿನ ಮೇಲೆ ನನ್ನ ಫೈಲಿನ ಪಕ್ಕ ಇಟ್ಟರು. ಅಧಿಕಾರಿ ತಮ್ಮ ಟೀ ಲೋಟವನ್ನು ಮೆಲ್ಲಗೆ ಆಚೆ ಸರಿಸಿದರು. ಮಾವ ಬೆರಳು ತೋರಿಸಿ ತೋರಿಸಿ ಎರಡು ನಿಮಿಷ ಆವೇಶದಿಂದ ಮಾತಾಡಿದರು. ಗಾಳಿ ಬಿಟ್ಟರೆ ಏನೂ ಹೊರಗೆ ಬರಲಿಲ್ಲ.

"ಯಜಮಾನ್ರೇ, ಒಂದಕ್ಷರ ತಿಳೀಲಿಲ್ಲ. ಹಲ್ಲು ಹಾಕ್ಕೊಂಡು ಇನ್ನೊಂದ್ಸಲ ಹೇಳ್ತೀರಾ?"

ಹಾಕಿಕೊಂಡರು. ಎರಡನೇ ಸಲ ಆ ಆವೇಶವಿರಲಿಲ್ಲ.

"ನನ್ನ ಮುಂದಿನ ಹಲ್ಲೊಂದು ಮೊದಲಿಂದ ಸೊಟ್ಟ ಇತ್ತಮ್ಮ. ಇವರು ನನ್ನ ಹಳೇ ಫೋಟೋ ಇಸ್ಕೊಂಡು ಹೋಗಿ, ಸೆಟ್ಟಲ್ಲೂ ಅದೊಂದನ್ನ ಸೊಟ್ಟಗೇ ಕೂರಿಸಿದ್ರು. ಮನೆಗೆ ಬಂದು ಕನ್ನಡಿ ನೋಡ್ಕೊಂಡೆ. ಅರೆ, ನಾನೇ ಅಲ್ವಾ ಅಂತ ಅತ್ತುಬಿಟ್ಟೆ. ಇದು ಮ್ಯಾನೇಜರ್ ಕೆಲಸ ಅಲ್ಲ ಅಂತ ಅವತ್ತೇ ಗೊತ್ತಾಯ್ತು. ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸೋದೂ ಬಿಟ್ಟೆ."

"ಹಾಗಾದ್ರೆ ಇವರೇ ಮಾಡಿದ್ದು ಅಂತ ಬರ್ಕೊಳ್ಲಾ? ಹದಿನೈದು ಅಂಕ ಸಿಗುತ್ತೆ."

ಮಾವ ಮಗಳ ಕೈ ಹಿಡಿದುಕೊಂಡರು.

"ಬರ್ಕೊಳಮ್ಮ" ಎಂದು ಆಮೇಲೆ ನನ್ನತ್ತ ತಿರುಗಿದರು. "ಸುಳ್ಳು ಹೇಳ್ಕೊಂಡು ಬಂದಾಗ ನಗ್ತಾ ಮಗಳನ್ನ ಕಳಿಸಿಕೊಟ್ಟೆ ಅಳಿಯಂದ್ರೇ. ಈಗ ನಿಜ ಹೇಳಿ ಕರ್ಕೊಂಡು ಹೋಗ್ತಿದ್ದೀರಿ. ತಡ್ಕೊಳ್ಳೋಕೆ ಆಗ್ತಿಲ್ಲ."