ಹಾಲಿನಂಥ ಅಂಗಿಯ ಜಾಹೀರಾತು

ಕೈರೋದ ಶುಬ್ರಾ ಓಣಿಯಲ್ಲಿ ವಿದಾದ್ ಕಂಡರೆ ಸಾಕು, ತರಕಾರಿಯವನೂ "ಗಂಡನ ಅಂಗಿ ಹೇಗಿದೆಯಮ್ಮಾ?" ಎಂದು ಕಾಲೆಳೆಯುತ್ತಿದ್ದ. ಸೋಪಿನ ಪುಡಿಯವರು ಜಾಹೀರಾತಿಗೆ ಅವಳನ್ನೇ ಆರಿಸಿದ್ದರು. ಆ ರಂಜಾನ್ ತಿಂಗಳಿಡೀ ಅವಳು ಟೀವಿಯ ದಿನದ ಧಾರಾವಾಹಿಯ ನಡುವೆ ಬಂದು, ಟಬ್ಬಿನಿಂದ ಅಂಗಿ ಎತ್ತಿ, "ನನ್ನ ಗಂಡನ ಅಂಗಿ ನೋಡಿ, ಹಾಲು ಹಾಲು!" ಎಂದು ನಗುತ್ತಿದ್ದಳು. ಪಾಪ, ಆ ವರ್ಷ ಗಂಡ ಕೊಳೆ ಅಂಗಿ ಹಾಕಿಕೊಂಡು ಹೊರಗೆ ಹೋಗುವ ಹಾಗೇ ಇರಲಿಲ್ಲ. ಅದೇ ವರ್ಷದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಮನೆಯಲ್ಲಿ ಫೋಟೋಗಳು ಉಳಿದವು. ದನಿ ಎಲ್ಲೂ ಉಳಿಯಲಿಲ್ಲ.

ಮೂವತ್ತೆಂಟು ವರ್ಷದ ಮೇಲೆ, ಹಾಸಿಗೆ ಹಿಡಿದ ಗಂಡ ಗಫ್ಫಾರರ ನೆನಪು ಸೋರಿಹೋಗುತ್ತಿತ್ತು. ಹಟ ಒಂದೇ ಉಳಿದಿತ್ತು.

"ಸಫೀ, ನಿಮ್ಮಮ್ಮನ ಸೋಪಿಂದು ಹಾಕೇ. ಅವಳ ದನಿ ಮರ್ತೋಗ್ತಿದೆ ಕಣೇ."

"ಹಾಕ್ತೀನಿ ಬಾಬಾ, ಆ ವರ್ಷದ ಕ್ಯಾಸೆಟ್ಟೆಲ್ಲ ಮಂಚದ ಕೆಳಗೇ ಇವೆ," ಎಂದಳು ಮಗಳು ಸಫಿನಾಜ್. ಹಳೇ ವೀಡಿಯೊ ಯಂತ್ರವನ್ನು ರಿಪೇರಿ ಮಾಡಿಸಿ ತಂದಳು. ಆ ರಂಜಾನಿನ ಧಾರಾವಾಹಿಯ ಮೂವತ್ತು ಕಂತೂ ಆ ಕ್ಯಾಸೆಟ್ಟುಗಳಲ್ಲಿದ್ದವು.

ಮೊದಲ ಕಂತು ಮುಗಿಯಿತು. ಪರದೆ ಒಮ್ಮೆ ನಡುಗಿ ನೇರ ಎರಡನೆಯದು ಶುರುವಾಯಿತು. ನಡುವೆ ಒಂದೂ ಜಾಹೀರಾತಿಲ್ಲದ್ದು ಕಂಡು ಸಫಿನಾಜಳಿಗೆ ಹಳೆಯದು ನೆನಪಾಯಿತು. ಆಗ ಒಂಬತ್ತು ವರ್ಷದವಳಾಗಿ ರೆಕಾರ್ಡಿಂಗ್ ಗುಂಡಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದವಳು ಅವಳೇ. ಕ್ಯಾಸೆಟ್ ದುಬಾರಿಯ ಕಾಲ. ಜಾಹೀರಾತು ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಕು, ಧಾರಾವಾಹಿ ಬಂದೊಡನೆ ಮತ್ತೆ ಶುರು ಮಾಡಬೇಕು. ಮನೆಮನೆಯಲ್ಲೂ ಅದೇ ರೂಢಿ. ಒಂದು ದಿನ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದು, "ಒಂದ್ಸಲ ನನ್ನನ್ನೂ ಸೇರಿಸ್ಕೊಳ್ಳೇ," ಎಂದಿದ್ದಳು.

"ನೀನು ದಿನಾ ಬರ್ತೀಯಲ್ಲಮ್ಮ! ಜಾಗ ಸಾಲಲ್ಲ."

ಅಮ್ಮ ನಕ್ಕು ಒಲೆಯ ಕಡೆ ಹೋಗಿದ್ದಳು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎನ್ನುವವರು ಇಂಥದ್ದನ್ನು ಕಳೆದುಕೊಂಡಿರುವುದಿಲ್ಲ.  ಸಫಿನಾಜ್ ಮಾತ್ರ ಎಲ್ಲಾದರೂ ಒಮ್ಮೆ ಬೆರಳು ತಡವಾಗಿರಲಿ ದೇವರೇ ಎಂದು, ಮೂರು ದಿನ ತಂದೆಯ ಪಕ್ಕ ಕೂತು ಮೂವತ್ತು ಕಂತೂ ನೋಡಿದಳು. ಒಂದು ಕಡೆಯೂ ತಡವಾಗಿರಲಿಲ್ಲ.

ಕೊನೆಯ ಕಂತು ಮುಗಿದಾಗ ದಿಂಬಿಗೆ ಒರಗಿದ್ದ ಗಫ್ಫಾರರ ಮುಖ ಅರಳಿತು.

"ಯಾರೇ ಇದನ್ನ ರೆಕಾರ್ಡ್ ಮಾಡಿದ್ದು? ಒಂದು ಜಾಹೀರಾತೂ ನುಸುಳಿಲ್ಲ ನೋಡು! ಭಾರೀ ಚುರುಕು ಬೆರಳು!"

"ನಾನೇ ಬಾಬಾ."

"ಭೇಷ್ ಮಗಳೇ!" ಎಂದು ಅವಳ ಕೈ ಎಳೆದುಕೊಂಡು ಬೆರಳಿಗೆ ಮುತ್ತಿಟ್ಟರು. ಅವಳ ಅಳು ಅವರಿಗೆ ಕಾಣಿಸಲಿಲ್ಲ.

"ಸರಿ, ಈಗ ನಿಮ್ಮಮ್ಮಂದು ಹಾಕು."